ಮಂಜವ್ವ ರಫು ಮಾಡಿದ ಹಾಳೆಗಳು

ಮಗು ಶಾಲೆಗೆ ಹೋಗಲು ಒಲ್ಲದು ಎಂದು ಗೋಳಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಗು ದಿನಾಲೂ ಹೋಗುತ್ತದೆ, ಪಾಟಿಚೀಲ ಹೊತ್ತುಕೊಂಡೇ ತಿರುಗಿ ಬರುತ್ತದೆ, ಆದರೆ ತಲೆಗೆ ಒಂದಕ್ಷರವೂ ಹತ್ತುವುದಿಲ್ಲ ಎನ್ನುವ ಮನೆಗಳು ಅದಕ್ಕಿಂತ ಹೆಚ್ಚು. ಅಂಥಲ್ಲಿ ತಪ್ಪು ಯಾರದು ಎಂದು ಕೇಳಿ ನೋಡಿ. ಅಪ್ಪ ಮಾಸ್ತರರ ಕಡೆ ಬೆರಳು ಮಾಡುತ್ತಾನೆ, ಮಾಸ್ತರರು ಮಗುವಿನ ಕಡೆ ಬೆರಳು ಮಾಡುತ್ತಾರೆ, ಮಗು ಗೋಡೆ ನೋಡುತ್ತ ನಿಲ್ಲುತ್ತದೆ. ಬೆಟಗೇರಿಯ ನೇಕಾರ ಹೇಮಪ್ಪನ ಮನೆಯಲ್ಲಿ ಮಾತ್ರ ತಪ್ಪು ಮಾಡಿದವಳು ಅವನ ಹೆಂಡತಿ ಮಂಜವ್ವ. ಅದೂ ಎಂಥ ತಪ್ಪು? ಮಗಳ ಮೇಲಿನ ಪ್ರೀತಿಯಿಂದ, ಅಚ್ಚುಕಟ್ಟಾಗಿ, ವಾರಗಟ್ಟಲೆ ಕೂತು ಮಾಡಿದ ತಪ್ಪು.

ಅದು ಕನ್ನಡ ನಾಡು ಒಂದಾದ ವರ್ಷ. ಮುಂಬಯಿ ಸರಕಾರದ ಕೈಬಿಟ್ಟು ಮೈಸೂರಿನವರ ಜೊತೆ ಕೂಡುತ್ತೇವಂತೆ ಎಂಬ ಮಾತು ಚಹಾದಂಗಡಿಯಿಂದ ಹಿಡಿದು ನೇಕಾರ ಕಾಲಿಳಿಸಿ ಕೂಡುವ ಮಗ್ಗದ ಕುಣಿಯವರೆಗೂ ಹಬ್ಬಿತ್ತು. ಹೇಮಪ್ಪನಿಗೂ ಅದರ ಖುಷಿ ಇತ್ತು. ಆದರೆ ಮನೆಯೊಳಗಿನ ಚಿಂತೆ ಬೇರೆ. ಹಿರಿಯ ಮಗಳು ಮದುವೆಯಾಗಿ ಮುಂಡರಗಿಗೆ ಹೋದ ಮೇಲೆ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವವರು ಇರಲಿಲ್ಲ. ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇಲ್ಲದಿದ್ದರೆ ಎಂಥ ಮಗ್ಗವೂ ಸುಮ್ಮನೆ ನಿಲ್ಲುತ್ತದೆ. ಮಂಜವ್ವ ಒಲೆಗೂ ರಾಟಿಗೂ ಓಡಾಡಿ ಸಾಕಾಗಿದ್ದಳು. ಕಿರಿಯವಳು ಕಸ್ತೂರಿ, ಏಳು ವರ್ಷದವಳು, ಎರಡನೆಯ ಇಯತ್ತೆಯಲ್ಲಿದ್ದಳು.

ಹೇಮಪ್ಪ ಕೆಟ್ಟವನಲ್ಲ. ಮಗಳು ಓದಬೇಕೆಂಬ ಆಸೆಯೂ ಇತ್ತು, ಮಗ್ಗ ನಿಲ್ಲಬಾರದೆಂಬ ಆಸೆಯೂ ಇತ್ತು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತೆ ಕೆಲವು ದಿನ ಒದ್ದಾಡಿ, ಕಡೆಗೊಂದು ತೀರ್ಮಾನಕ್ಕೆ ಬಂದ.

"ದೀಪಾವಳಿ ಮುಂಚಿನ ಪರೀಕ್ಷಾದಾಗ ಹುಡುಗಿ ಪಾಸಾದ್ಳಂದ್ರ ಶಾಲಿ. ಇಲ್ಲಂದ್ರ ರಾಟಿ. ಮತ್ತ ನನ್ನ ಕೇಳಬ್ಯಾಡ" ಎಂದು ಹೆಂಡತಿಗೆ ಹೇಳಿಬಿಟ್ಟ.

ಮಂಜವ್ವನನ್ನೂ ಹೀಗೆಯೇ ಮೂರನೆಯ ಇಯತ್ತೆಯಲ್ಲಿ ಬಿಡಿಸಿ ರಾಟಿಗೆ ಕೂಡ್ರಿಸಿದ್ದರು. ಆ ದಿನ ಅವಳು ಅತ್ತಿರಲಿಲ್ಲ, ಅಳಬಾರದೆಂದು ಹೇಳಿದ್ದರು. ಆದರೆ ಇಪ್ಪತ್ತೈದು ವರ್ಷವಾದರೂ ಶಾಲೆಯ ಗಂಟೆ ಕೇಳಿದರೆ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಕಸ್ತೂರಿಗೆ ಹಾಗಾಗಕೂಡದು ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಆ ವರ್ಷ ಶಾಲೆಗೆ ಶಾರದವ್ವ ಎಂಬ ಹೊಸ ಶಿಕ್ಷಕಿ ಬಂದಿದ್ದರು, ಮಕ್ಕಳಿಗೆಲ್ಲ ಅಕ್ಕಾರು. ಶಿರಹಟ್ಟಿಯವರು. ಮಾತು ಕಡಿಮೆ, ಕೆಲಸ ಹೆಚ್ಚು. ಪಾಟಿಯ ಮೇಲೆ ಮಕ್ಕಳು ಬರೆದದ್ದು ಮನೆ ಮುಟ್ಟುವುದರೊಳಗೆ ಅಂಗಿಯ ತೋಳಿಗೆ ಒರೆಸಿ ಹೋಗುತ್ತದೆ, ಯಾರಿಗೆ ಏನು ಬಂತು ಏನು ಬರಲಿಲ್ಲ ಎಂಬುದೇ ತಿಳಿಯುವುದಿಲ್ಲ ಎಂದು ಅವರಿಗೆ ಬೇಸರವಿತ್ತು. ಅದಕ್ಕೆ ಅವರೊಂದು ಉಪಾಯ ಮಾಡಿದರು. ಗದಗಿನ ಒಂದು ಅಚ್ಚಿನ ಮನೆಯಲ್ಲಿ ಪುಸ್ತಕ ಕತ್ತರಿಸಿದ ಮೇಲೆ ಉಳಿಯುವ ಕಾಗದವನ್ನು ಬೇಡಿ ತಂದು, ಅದೇ ಅಚ್ಚಿನ ಮನೆಯವರ ಕೈಕಾಲು ಹಿಡಿದು, ಮಕ್ಕಳಿಗಾಗಿ ಅಭ್ಯಾಸದ ಹಾಳೆ ಅಚ್ಚು ಹಾಕಿಸಿದರು. ವಾರಕ್ಕೊಂದು ಹಾಳೆ. ಒಂದರಲ್ಲಿ ಅರ್ಧ ಬರೆದ ಮಾತುಗಳು, ಉಳಿದರ್ಧ ಮಗು ತುಂಬಬೇಕು. ಇನ್ನೊಂದರಲ್ಲಿ ಎಡಗಡೆ ಚಿತ್ರ, ಬಲಗಡೆ ಹೆಸರು, ನಡುವೆ ಗೆರೆ ಎಳೆದು ಜೋಡಿಸಬೇಕು. ಮತ್ತೊಂದರಲ್ಲಿ ಕಾಗೆಯ ಕಥೆಯ ನಾಲ್ಕು ಮಾತು ಹಿಂದುಮುಂದಾಗಿ ಬಿದ್ದಿರುತ್ತಿದ್ದವು, ಯಾವುದು ಮೊದಲು ಯಾವುದು ಆಮೇಲೆ ಎಂದು ಮಗುವೇ ಹೇಳಬೇಕು. ಮನೆಗೆ ಒಯ್ದು, ತುಂಬಿ, ಸೋಮವಾರ ತರಬೇಕೆಂದು ಹೇಳಿ ಕಳಿಸುತ್ತಿದ್ದರು.

ಮೊದಲ ಹಾಳೆ ಮನೆಗೆ ಬಂದ ದಿನ ಮಂಜವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಅಕ್ಷರ ಅವಳಿಗೆ ಪೂರಾ ಮರೆತಿರಲಿಲ್ಲ. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿತು. 'ಅಮ್ಮ ರೊಟ್ಟಿ' ಎಂದಿದೆ, ಮುಂದೆ ಏನೂ ಇಲ್ಲ. 'ಮಗ್ಗದ ಮೇಲೆ' ಎಂದಿದೆ, ಮುಂದೆ ಬರೀ ಬಿಳಿ. ಹತ್ತು ಸಾಲಿನಲ್ಲಿ ಹತ್ತು ಕಡೆ ಬಿಟ್ಟುಹೋಗಿದೆ.

ಇಲ್ಲಿ ನೇಕಾರರ ಮನೆಯ ರೀತಿ ಸ್ವಲ್ಪ ಹೇಳಬೇಕು. ನೇಯುವಾಗ ಎಲ್ಲೋ ಒಂದೆಳೆ ತಪ್ಪುತ್ತದೆ, ಸೀರೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಸಾವುಕಾರ ಸೀರೆ ಬಿಚ್ಚಿ ಬೆಳಕಿಗೆ ಹಿಡಿದನೆಂದರೆ ಮೊದಲು ಅವನ ಕಣ್ಣಿಗೆ ಬೀಳುವುದೇ ಅದು. ಹಾಗಾಗಿ ಸೀರೆ ಮಗ್ಗದಿಂದ ಇಳಿದ ಕೂಡಲೇ ಮನೆಯ ಹೆಂಗಸು ಸೂಜಿ ಹಿಡಿದು ಕೂತು, ಬಿಟ್ಟ ಎಳೆಯನ್ನೆಲ್ಲ ಒಂದೊಂದಾಗಿ ಪೋಣಿಸಿ ರಫು ಮಾಡುತ್ತಾಳೆ. ರಫು ಆಗದ ಮಾಲು ಹೊಸ್ತಿಲು ದಾಟಬಾರದು. ಮಂಜವ್ವನ ರಫು ಎಂದರೆ ಓಣಿಗೇ ಹೆಸರು. ಎಲ್ಲಿ ಮಾಡಿದ್ದಾಳೆಂದು ಹೇಮಪ್ಪನಿಗೂ ಗೊತ್ತಾಗುತ್ತಿರಲಿಲ್ಲ.

ಅಂಥವಳ ಕೈಗೆ ಹತ್ತು ಕಡೆ ಸಂದು ಬಿಟ್ಟ ಹಾಳೆ ಬಂದರೆ ಏನು ತಿಳಿದಾಳು? ಅಚ್ಚಿನವರು ಕೆಡಿಸಿದ ಮಾಲನ್ನು ನೇಕಾರರ ಮಕ್ಕಳಿಗೆ ದಬ್ಬಿದ್ದಾರೆ ಎಂದೇ ತಿಳಿದಳು. ಸಿಟ್ಟೂ ಬಂತು. ಆದರೆ ಅಕ್ಕಾರು ಹೊಸಬರು, ಪಾಪ, ಅವರಿಗೇನು ಗೊತ್ತು ಎಂದು ಸಮಾಧಾನ ಮಾಡಿಕೊಂಡಳು. ಕೆಟ್ಟ ಹಾಳೆ ಹಿಡಿದು ಓದಿದರೆ ಮಗಳು ಪಾಸಾದ ಹಾಗೇ ಇದೆ ಎಂದುಕೊಂಡು, ಮಧ್ಯಾಹ್ನ ಹೇಮಪ್ಪ ಮಲಗಿದ್ದಾಗ ಕಸ್ತೂರಿಯ ಪೆನ್ಸಿಲು ತೆಗೆದುಕೊಂಡು ಕೂತಳು. ಅಮ್ಮ ರೊಟ್ಟಿ ಬಡಿದಳು. ಮಗ್ಗದ ಮೇಲೆ ಸೀರೆ ಇದೆ. ಒಂದೊಂದೇ ಸಂದನ್ನು ಹುಡುಕಿ ತುಂಬಿದಳು. ಎಷ್ಟೋ ವರ್ಷದ ಮೇಲೆ ಬರೆದ ಕೈ, ಅಕ್ಷರಗಳು ಗುಂಡಗೆ, ಅಂಕುಡೊಂಕಾಗಿ, ಥೇಟು ಎರಡನೆಯ ಇಯತ್ತೆಯ ಹುಡುಗಿಯವೇ. ಮುಗಿಸಿದಾಗ ಅವಳಿಗೆ ಆದ ಸಂತೋಷ ಯಾವ ಸೀರೆ ರಫು ಮಾಡಿದಾಗಲೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಇದೇ ನಡೆಯಿತು. ಕಸ್ತೂರಿ ಶನಿವಾರ ಹಾಳೆ ತಂದು, ಸೋಮವಾರ ಒಯ್ಯಬೇಕು ಎಂದಷ್ಟೇ ಹೇಳಿ, ಅವ್ವನ ಕೈಗೆ ಕೊಟ್ಟು ಆಡಲು ಓಡುವಳು. ಸೋಮವಾರ ಹಾಳೆ ಸಂಪೂರ್ಣವಾಗಿ ಶಾಲೆಗೆ ಹೋಗುವುದು. ಹುಡುಗಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವರ ಮನೆಯಿಂದ ಏನೇ ಹೊರಗೆ ಹೋಗುವುದಿದ್ದರೂ ಮೊದಲು ಅವ್ವನ ಕೈಗೆ ಹೋಗಿಯೇ ಹೋಗುತ್ತಿತ್ತಲ್ಲ. ಶಾರದವ್ವನವರು ಹಾಳೆ ನೋಡಿ ಹಿಗ್ಗಿದರು. ಒಂದು ದಿನ ನೀರಿಗೆ ಹೋಗುವಾಗ ಸಿಕ್ಕ ಮಂಜವ್ವನಿಗೆ, ನಿಮ್ಮ ಮಗಳು ಹಾಳೆಯಲ್ಲಿ ಒಂದೂ ತಪ್ಪು ಮಾಡುವುದಿಲ್ಲ ಎಂದು ಹೇಳಿದರು. ಮಂಜವ್ವ ಆ ದಿನ ಎರಡು ಕೊಡ ನೀರು ಹೊತ್ತರೂ ಭಾರ ಎನಿಸಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಂತೂ ಹೆಗ್ಗಣವೂ ತಾನೇ, ಮುದ್ದು ಮಾಡುವವಳೂ ತಾನೇ.

ದೀಪಾವಳಿಯ ಮುಂಚಿನ ಪರೀಕ್ಷೆ ಬಂತು. ಶಾರದವ್ವನವರು ಆ ಸಲ ಪರೀಕ್ಷೆಯನ್ನೂ ಅಂಥದೇ ಹಾಳೆಯಲ್ಲಿ ಇಟ್ಟಿದ್ದರು. ಎಲ್ಲ ಮಕ್ಕಳೂ ತಲೆ ಬಗ್ಗಿಸಿ ಬರೆಯತೊಡಗಿದರು. ಕಸ್ತೂರಿ ಮಾತ್ರ ಹಾಳೆಯನ್ನು ನೀಟಾಗಿ ಮುಂದಿಟ್ಟುಕೊಂಡು, ಕೈಕಟ್ಟಿ, ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಅರ್ಧ ಗಂಟೆ ಕಳೆದರೂ ಹಾಗೆಯೇ. ಅಕ್ಕಾರು ಹತ್ತಿರ ಬಂದು, ಯಾಕವಾ, ಬರೆಯುವುದಿಲ್ಲವೇ ಎಂದು ಕೇಳಿದರು.

"ನಮ್ಮವ್ವ ಇನ್ನೂ ರಫು ಮಾಡಿಲ್ಲರಿ ಅಕ್ಕಾರ" ಎಂದಳು ಕಸ್ತೂರಿ.

ಶಾರದವ್ವನವರಿಗೆ ಮೊದಲು ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತು ನಾಲ್ಕು ಮಾತು ಕೇಳಿದ ಮೇಲೆ ಎಲ್ಲ ಗೊತ್ತಾಯಿತು. ಹುಡುಗಿಯ ಮೇಲೆ ಸಿಟ್ಟು ಮಾಡಲಿಲ್ಲ. ಆ ಸಂಜೆಯೇ, ಕಸ್ತೂರಿಯ ಹೆಸರಿದ್ದ ಹಳೆಯ ಹಾಳೆಗಳನ್ನೆಲ್ಲ ಕಟ್ಟಿಕೊಂಡು ನೇಕಾರರ ಓಣಿಗೆ ಬಂದರು.

ಹೇಮಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಚಾಪೆ ಹಾಸಿದ. ಅಕ್ಕಾರು ಇದ್ದದ್ದು ಇದ್ದ ಹಾಗೆ ಹೇಳಿದರು. ಪರೀಕ್ಷೆಯ ಹಾಳೆ ಖಾಲಿ ಬಂದಿದೆ, ಹುಡುಗಿಗೆ ತಾನಾಗಿ ಒಂದು ಮಾತೂ ಬರೆಯಲು ಬರುವುದಿಲ್ಲ. ಹೇಮಪ್ಪ, ಆಯಿತು ಬಿಡಿ, ನಾಳೆಯಿಂದ ರಾಟಿಗೆ ಕೂಡಲಿ, ನಿಮ್ಮ ತಪ್ಪೇನೂ ಇಲ್ಲ ಎಂದ. ಕಸ್ತೂರಿ ಕಂಬದ ಹಿಂದೆ ಸರಿದು ನಿಂತಳು. ಮಂಜವ್ವ ಸೋಲದೆ ಮಾತಿಗೆ ನಿಂತಳು.

"ಅಲ್ಲರಿ ಅಕ್ಕಾರ, ನೀವು ಕೊಡೂವು ಎಲ್ಲಾ ಸಂದ ಬಿಟ್ಟ ಹಾಳಿ. ನೋಡಿ ಹೆಂಗ ಸುಮ್ನಿರಲಿ? ಕೂಸಿನ ಚಲೋದಕ್ಕಂತನ ತುಂಬಿ ಕಳಿಸೀನಿ. ಕೆಟ್ಟ ಮಾಲ ಕೊಟ್ಟವರನ್ನ ಕೇಳೂದು ಬಿಟ್ಟು ನನ್ನ ಕೇಳಾಕ ಬಂದೀರಲ್ಲ."

ಅಷ್ಟರಲ್ಲಿ ಗದಗಿನಿಂದ ಕೆಲಸ ಮುಗಿಸಿ ಬರುತ್ತಿದ್ದ ಅಲ್ಲಾಉದ್ದೀನ ಬಾಗಿಲಲ್ಲಿ ನಿಂತ. ಅದೇ ಓಣಿಯಲ್ಲಿ ಅವನದು ಮೂರನೆಯ ಮನೆ. ಅಚ್ಚಿನ ಮನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸ, ಬೆರಳ ತುದಿಯ ಮಸಿ ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಅಕ್ಕಾರ ಮುಂದಿದ್ದ ಹಾಳೆಗಳನ್ನು ಕಂಡವನೇ, ಇವು ನಾನು ಮಾಡಿದ ಹಾಳೆಗಳಲ್ಲವೇ ಎನ್ನುತ್ತ ಒಳಗೆ ಬಂದ. ಮಂಜವ್ವ ಸೆರಗು ಸರಿಮಾಡಿಕೊಂಡು, ನೀವೇ ಇಷ್ಟು ಕಡೆ ಬಿಟ್ಟವರೋ ಅಣ್ಣಾರೆ ಎಂದು ಸಣ್ಣ ಮಾತಿನಲ್ಲೇ ದೊಡ್ಡ ಪೆಟ್ಟು ಕೊಟ್ಟಳು. ಅಲ್ಲಾಉದ್ದೀನ ನಕ್ಕು ಚಾಪೆಯ ತುದಿಗೆ ಕೂತ.

"ಬಿಟ್ಟಿಲ್ಲ ತಂಗಿ, ಕೂಡ್ರಿಸೀನಿ" ಎಂದ. "ಅಚ್ಚಿನಾಗ ಜಾಗಾ ಸುಮ್ಮ ಬಿಡಾಕ ಬರೂದಿಲ್ಲ. ಬಿಟ್ರ ಸಾಲೆಲ್ಲಾ ಸಡ್ಲಾಗಿ ಉದುರತೈತಿ. ಅಕ್ಷರ ಬ್ಯಾಡಾದಲ್ಲಿ ಅಕ್ಷರ ಇಲ್ಲದ್ದೊಂದು ಸೀಸದ ತುಂಡು ಅಳತಿ ಹಿಡದು ಇಡಬೇಕು. ಈ ಹಾಳ್ಯಾಗಿನ ಒಂದೊಂದು ಖಾಲಿ ಜಾಗಾನೂ ನಾನ ಕೈಯಾರೆ ಇಟ್ಟದ್ದು. ಅಕ್ಕಾರು ಮುಂದ ನಿಂತು ಹೇಳಿ ಇಡಿಸ್ಯಾರ."

ಮಂಜವ್ವ ಹಾಳೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಹೇಮಪ್ಪ ಮಾತ್ರ ಗಕ್ಕನೆ ತಲೆ ಎತ್ತಿದ. ಬೇಕೆಂದೇ ಬಿಡುವುದು ಎಂದರೇನೆಂದು ನೇಕಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಸೀರೆಯ ಸೆರಗಿನ ತುದಿಗೆ ಅವನು ಗೇಣುದ್ದ ಎಳೆ ನೇಯದೆ ಬಿಡುತ್ತಾನೆ. ಕೊಂಡ ಮನೆಯ ಹೆಣ್ಣುಮಕ್ಕಳು ಅದಕ್ಕೆ ತಮಗೆ ಬೇಕಾದಂತೆ ಕುಚ್ಚು ಕಟ್ಟಿಕೊಳ್ಳುತ್ತಾರೆ. ಅಲ್ಲಿ ನೇಕಾರ ಕೈ ಹಾಕುವುದಿಲ್ಲ.

"ಅಂದ್ರ ಇದು ಕುಚ್ಚಿಗೆ ಬಿಟ್ಟ ಎಳಿ ಇದ್ದಂಗ" ಎಂದ ಹೇಮಪ್ಪ. "ಅದನ್ನ ಆಕಿ ಕಟ್ಟಬೇಕು. ನೀ ಕಟ್ಟಿ ಕಳಿಸೀದಿ."

ಮಂಜವ್ವನ ಮುಖ ಸಣ್ಣದಾಯಿತು. ಶಾರದವ್ವನವರು ಅವಳ ಕೈ ಹಿಡಿದುಕೊಂಡರು.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲರಿ. ಆದ್ರ ಒಂದು ಮಾತು ಕೇಳ್ರಿ. ನೀವು ತುಂಬಿದ ಹಾಳಿ ನೋಡಿ ಹುಡುಗಿಗೆ ಎಲ್ಲಾ ಬರತೈತಿ ಅಂತ ನಾ ಮುಂದ ಮುಂದ ಹೋದೆ. ಆಕಿ ತಪ್ಪು ತುಂಬಿ ತಂದಿದ್ರ ಎಲ್ಲಿ ಎಡವತಾಳ ಅನ್ನೂದು ನನ್ನ ಕಣ್ಣಿಗೆ ಬೀಳತಿತ್ತು, ಅಲ್ಲೇ ನಿಂತು ಕಲಸ್ತಿದ್ದೆ. ನೀವು ತಪ್ಪು ಮುಚ್ಚಿದ್ರಿ, ನನಗ ದಾರಿ ಮುಚ್ಚಿತು."

ಮಂಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ತಪ್ಪಿಗೆ ಕೂಸನ್ನು ರಾಟಿಗೆ ಕೂಡ್ರಿಸಬೇಡ ಎಂದು ಗಂಡನಿಗೆ ಎಲ್ಲರ ಎದುರೇ ಹೇಳಿದಳು. ಮದುವೆಯಾದಾಗಿನಿಂದ ಅವಳು ಹೊರಗಿನವರ ಎದುರು ಅವನ ಮಾತು ಮೀರಿದ್ದು ಅದೇ ಮೊದಲು. ಹೇಮಪ್ಪ ಕಂಬದ ಹಿಂದಿದ್ದ ಮಗಳನ್ನು ನೋಡಿದ. ಶಾಲೆ ಮುಚ್ಚಿರುವ ದೀಪಾವಳಿ ಸೂಟಿ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆ ಎಂದರು ಅಕ್ಕಾರು. ಆಗಲಿ, ಅಲ್ಲಿಯತನಕ ನೋಡೋಣ ಎಂದು ಹೇಮಪ್ಪ ಒಪ್ಪಿದ. ಮರುದಿನ ಅಕ್ಕಾರು ಸೂಟಿಯ ದಿನಕ್ಕೊಂದರಂತೆ ಹೊಸ ಹಾಳೆ ಕೊಟ್ಟು ಕಳಿಸಿದರು.

ಆ ಸೂಟಿಯಲ್ಲಿ ಕಷ್ಟಪಟ್ಟವಳು ಕಸ್ತೂರಿಯೋ ಮಂಜವ್ವನೋ ಹೇಳುವುದು ಕಷ್ಟ. ಮೊದಲ ದಿನ ಹುಡುಗಿ ಹಾಳೆ ಮುಂದಿಟ್ಟುಕೊಂಡು ಅತ್ತಳು. ಎರಡನೆಯ ದಿನ ಬರೆದಳು, ಅರ್ಧಕ್ಕರ್ಧ ತಪ್ಪು. ಮಂಜವ್ವನ ಬೆರಳುಗಳು ಪೆನ್ಸಿಲಿನ ಕಡೆ ತಾನಾಗಿಯೇ ಹೋಗುತ್ತಿದ್ದವು. ಕಡೆಗೆ ರಾಟಿಯನ್ನು ಎಳೆದು ಮಗಳ ಎದುರಿಗೇ ಇಟ್ಟುಕೊಂಡು ಕಂಡಿಕೆ ಸುತ್ತುತ್ತ ಕೂತಳು, ಕೈಗೆ ಕೆಲಸವಿದ್ದರೆ ಹಾಳೆಗೆ ಕೈ ಹಾಕುವ ಆಸೆ ಆಗದಿರಲಿ ಎಂದು. ಮಗಳು ಕೇಳಿದರೆ ಉತ್ತರ ಹೇಳುತ್ತಿರಲಿಲ್ಲ. ಅಮ್ಮ ರೊಟ್ಟಿಯನ್ನು ಏನು ಮಾಡುತ್ತಾಳೆ, ನೀನು ದಿನಾ ನೋಡುತ್ತೀಯಲ್ಲ, ಅದನ್ನೇ ಬರೆ ಎನ್ನುತ್ತಿದ್ದಳು. ಹೀಗೆ ತಿರುಗಿ ಕೇಳುವುದನ್ನು ಅವಳು ತಾನೇ ಕಂಡುಕೊಂಡಳು.

ಒಂದು ಹಾಳೆಯಲ್ಲಿ, ನಿಮ್ಮ ಮನೆಯಲ್ಲಿ ನಡೆಯುವ ಕೆಲಸದ ಸಾಮಾನುಗಳ ಹೆಸರು ಹಿರಿಯರನ್ನು ಕೇಳಿ ಬರೆಯಿರಿ ಎಂದಿತ್ತು. ಕಸ್ತೂರಿ ಕುಣಿಯ ಅಂಚಿಗೆ ಕೂತು ಅಪ್ಪನನ್ನು ಕೇಳಿದಳು. ಲಾಳಿ, ಕಂಡಿಕೆ, ಹಾಸು, ಹೊಕ್ಕು ಎಂದು ಹೇಮಪ್ಪ ಮೊದಲು ಬೇಕೋ ಬೇಡವೋ ಎಂಬಂತೆ ಹೇಳಿದ. ಹಾಳೆ ತುಂಬಿದರೂ ಅವನ ಹೆಸರುಗಳು ಮುಗಿಯಲಿಲ್ಲ. ಹಾಳೆಯ ಬೆನ್ನಿಗೂ ಬರೆ, ಇನ್ನೂ ಇವೆ ಎಂದು ಅವನೇ ಮಗ್ಗ ನಿಲ್ಲಿಸಿ ಹೇಳತೊಡಗಿದ. ತಾನು ದಿನವೂ ಹಿಡಿಯುವ ಸಾಮಾನಿನ ಹೆಸರು ಕಾಗದದ ಮೇಲೆ ಕೂತದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ದಿನ ಅವನಿಗೆ ಬಹಳ ಸಮಾಧಾನವಾಯಿತು.

ಅದೇ ಸೂಟಿಯಲ್ಲಿ ರಾಜ್ಯ ಒಂದಾಯಿತು. ಬೆಟಗೇರಿಯಿಂದ ಗದಗಿನ ತನಕ ಮಕ್ಕಳ ಮೆರವಣಿಗೆ ಹೋಯಿತು, ಕಸ್ತೂರಿಯೂ ನಡೆದು ಕಾಲು ನೋಯಿಸಿಕೊಂಡು ಬಂದಳು. ಕಾಲು ನೋವಿದ್ದರೂ ಆ ದಿನದ ಹಾಳೆ ಬಿಡಲಿಲ್ಲ.

ಸೂಟಿ ಮುಗಿಯಿತು, ಪರೀಕ್ಷೆಯೂ ಆಯಿತು. ಮರುದಿನ ಸಂಜೆ ಕಸ್ತೂರಿ ತಿದ್ದಿದ ಹಾಳೆ ಹಿಡಿದು ಬಂದಳು. ಹೇಮಪ್ಪನಿಗೆ ಓದು ಬಾರದು, ಮಂಜವ್ವನೇ ಓದಿ ಹೇಳಿದಳು. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಸರಿ, ಹುಡುಗಿ ಪಾಸು. ಒಂದು ಕಡೆ ಓದಿ ಅವಳಿಗೆ ನಗು ತಡೆಯಲಾಗಲಿಲ್ಲ. 'ಚಳಿಗಾಲದಲ್ಲಿ ಮಾಗಡಿ ಕೆರೆಗೆ' ಎಂದು ಹಾಳೆಯಲ್ಲಿತ್ತು. ದೂರ ದೇಶದ ಹಕ್ಕಿಗಳು ಬರುತ್ತವೆ ಎಂದು ಅಕ್ಕಾರು ಪಾಠದಲ್ಲಿ ಹೇಳಿದ್ದರು. ಕಸ್ತೂರಿ ಬರೆದದ್ದು, 'ನಮ್ಮ ಸೋದರತ್ತೆಯ ಎಮ್ಮೆಗಳು ಬರುತ್ತವೆ.' ಅತ್ತೆಯ ಊರು ಶಿರಹಟ್ಟಿ ಹತ್ತಿರದ ಆ ಮಾಗಡಿ, ಹುಡುಗಿ ಕಣ್ಣಾರೆ ಕಂಡದ್ದು ಅದನ್ನೇ. ಅಕ್ಕಾರು ಅದನ್ನೂ ಸರಿ ಎಂದು ಗುರುತು ಹಾಕಿದ್ದರು. ಮಂಜವ್ವ ತುಂಬಿದ್ದರೆ ಆ ಎಮ್ಮೆಗಳು ಹಾಳೆಯ ಮೇಲೆ ಬರುತ್ತಲೇ ಇರಲಿಲ್ಲ.

ಹೇಮಪ್ಪ ಮಗಳನ್ನು ಹತ್ತಿರ ಕರೆದು, ತಪ್ಪು ಎಷ್ಟು ಎಂದು ಕೇಳಿದ.

"ನಾಕು."

"ಯಾರ ಮಾಡಿದ್ದು?"

"ನಾಕೂ ನಾನ ಮಾಡಿದ್ದು" ಎಂದಳು ಕಸ್ತೂರಿ, ಎದೆ ಎತ್ತಿ. "ಅವ್ವ ಒಂದೂ ಮಾಡಿಲ್ಲ."

ಹೇಮಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಎದ್ದು ಹೋಗಿ ರಾಟಿಯ ಮುಂದೆ ತಾನೇ ಕೂತು, ನಾಳೆಯ ಕಂಡಿಕೆಗಳನ್ನು ಸುತ್ತತೊಡಗಿದ. ಹೆಂಗಸರ ಕೆಲಸ ಎಂದು ಅವನು ಈವರೆಗೆ ಮುಟ್ಟದೇ ಇದ್ದ ರಾಟಿ ಅದು. ಮೊದಲ ಕಂಡಿಕೆ ಸಡಿಲಾಗಿ ಜಾರಿತು. ಮಂಜವ್ವ ಕಂಡೂ ಕಾಣದವಳಂತೆ ಸುಮ್ಮನಿದ್ದಳು, ಅವನೇ ಬಿಚ್ಚಿ ಮತ್ತೆ ಸುತ್ತಿದ.

ಇಷ್ಟೇ ಅಲ್ಲವೇ, ತಾಯಂದಿರೆ, ಅಣ್ಣಂದಿರೆ? ಶಾಲೆಯಿಂದ ನಿಮ್ಮ ಮಗು ತರುವ ಹಾಳೆಯಲ್ಲಿ ಖಾಲಿ ಇರುವ ಜಾಗ ನಿಮ್ಮ ಮಗುವಿನದು. ಅದನ್ನು ನೀವು ತುಂಬಬೇಡಿ, ಪಕ್ಕದ ಮನೆಯ ಜಾಣ ಹುಡುಗನಿಂದಲೂ ತುಂಬಿಸಬೇಡಿ. ಓದು ಬಂದರೂ ಸರಿ, ಬಾರದಿದ್ದರೂ ಸರಿ, ದಿನಕ್ಕೆ ಒಂದಿಷ್ಟು ಹೊತ್ತು ಮಗುವಿನ ಪಕ್ಕದಲ್ಲಿ ಕೂಡಿ. ಏನು ಬರೆದೆ, ಓದಿ ಹೇಳು ಎಂದು ಕೇಳಿ. ನಿಮ್ಮ ಹೊಲದ, ಮಗ್ಗದ, ಒಲೆಯ ಮಾತುಗಳನ್ನು ಅದಕ್ಕೆ ಹೇಳಿಕೊಡಿ, ಬರೆಯುವುದು ಅದರ ಕೈಗಿರಲಿ. ತಪ್ಪಿದರೆ ಬೈಯಬೇಡಿ, ಒರೆಸಬೇಡಿ, ಹಾಗೆಯೇ ಶಾಲೆಗೆ ಕಳಿಸಿ. ಕಲಿಸುವವರಿಗೆ ಆ ತಪ್ಪು ಬೇಕು. ಕೆಲಸ ಹೆಚ್ಚಾಯಿತೆಂದು ಹೆಣ್ಣುಮಗುವನ್ನು ಶಾಲೆ ಬಿಡಿಸುವ ಯೋಚನೆ ಬಂದರೆ, ಆ ಕೆಲಸಕ್ಕೆ ನೀವೇ ಒಮ್ಮೆ ಕೂತು ನೋಡಿ. ಈ ವಾರ ನಿಮ್ಮ ಮಗು ತಂದ ಹಾಳೆ ಮನೆಯಲ್ಲಿ ಎಲ್ಲಿದೆ? ಈಗಲೇ ಹುಡುಕಿ ತೆಗೆದು ಮಗುವಿನ ಮುಂದಿಡಿ, ಪೆನ್ಸಿಲು ಅದರ ಕೈಗೆ ಕೊಡಿ, ನಿಮ್ಮ ಕೈ ಹಿಂದೆ ತೆಗೆದುಕೊಳ್ಳಿ.